ಕುಂಬಾರರ ಲೋಟ, ತಟ್ಟೆ ಕೊಳ್ಳೋಣ್ವಾ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಬಿಸಿಲು ಏರಿದ್ರೆ ಮಡಕೆಗೆ ಗಿರಾಕಿ ಇರ್ತಾರೆ. ಮಳೆಗಾಲದಲ್ಲಿ? ಹಸಿ ಮಡಕೆ ಬೇಗ ಒಣಗಲ್ಲ, ಕೊಳ್ಳೋರೂ ಕಮ್ಮಿ. ಲೋಟ, ತಟ್ಟೆ, ಮೊಸರಿನ ಕುಡಿಕೆ ಹಾಗಲ್ಲ, ವರ್ಷಪೂರ್ತಿ ಬೇಕು.

ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ಮಡಕೆ ಚೂರುಗಳು ಸಿಕ್ಕಿವೆ. ಅಷ್ಟು ಹಳೇ ಕಸುಬು ಇದು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರಿಗೆ ಮೊದಲ ಕಂತಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತೆ, ಬಡ್ಡಿ ಶೇ 5. ಆದ್ರೆ ಸಾಲ ತೀರೋಕೆ ಮಾಲು ಮಾರಾಟ ಆಗ್ಬೇಕಲ್ವಾ?

ಹಾಗಂತ ಪಾಪ ಅಂತ ಕೊಂಡು ಶೋಕೇಸಲ್ಲಿ ಇಡಬೇಡಿ. ಬೆರಳಲ್ಲಿ ತಟ್ಟಿ ನೋಡಿ. ಠಣ್ ಅಂದ್ರೆ ಚೆನ್ನಾಗಿ ಬೆಂದಿದೆ. ಹೊಳೆಯೋ ಬಣ್ಣ ಬಳಿದದ್ದು ಊಟಕ್ಕೆ ಬೇಡ. ಎರಡು ಲೋಟದಿಂದ ಶುರುಮಾಡಿ, ದಿನಾ ಬಳಸಿ. ಒಡೆದ್ರೆ ಮತ್ತೆ ಅವರ ಹತ್ರಾನೇ ಹೋಗಿ.