ಬಜೆ ತೇಯುವ ಮುನ್ನ

ಕಾಸರಗೋಡಿನ ಕಡೆಯ ನಮ್ಮ ಮನೆಗಳಲ್ಲಿ ಮಗು ಹುಟ್ಟಿತೆಂದರೆ ತೇಯುವ ಕಲ್ಲು ಹೊರಗೆ ಬರುತ್ತದೆ. ಬಜೆಯ ಬೇರನ್ನು ಸುಟ್ಟು, ತೇದು, ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತೇವೆ. ನೆರೆಯ ಮಲಯಾಳಿಗಳಿಗೆ ಇದೇ ವಯಂಬು. ‘ಅಜ್ಜಿಯ ಕಾಲದಿಂದ ಕೊಡುತ್ತಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮದ್ದಿನ ಗಿಡವನ್ನು ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನೂ ಸ್ವಲ್ಪ ತಿಳಿಯೋಣ.

ಅಲ್ಲಿ ಕೇಳುವುದು ಎರಡೇ ಪ್ರಶ್ನೆ. ಇದು ರೋಗಾಣುವನ್ನು ಕೊಲ್ಲುತ್ತದೆಯೇ? ನಮ್ಮನ್ನೂ ಕೊಲ್ಲುತ್ತದೆಯೇ?

ಮೊದಲನೆಯದಕ್ಕೆ ಗಾಜಿನ ತಟ್ಟೆಯಲ್ಲಿ ಅಗರ್ ಹೊಯ್ದು ಬ್ಯಾಕ್ಟೀರಿಯ ಹರಡುತ್ತಾರೆ. ಗಿಡದ ರಸದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು, 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯ ಬೆಳೆಯದ ತಿಳಿ ವೃತ್ತ ಕಂಡರೆ ಅದನ್ನು ಮಿಲಿಮೀಟರಿನಲ್ಲಿ ಅಳೆದು, ಆಂಟಿಬಯೋಟಿಕ್ ಬಿಲ್ಲೆಯ ವೃತ್ತದೊಂದಿಗೆ ಹೋಲಿಸುತ್ತಾರೆ. ತಟ್ಟೆಯಲ್ಲಿ ಗೆದ್ದದ್ದು ಹೊಟ್ಟೆಯಲ್ಲೂ ಗೆಲ್ಲುತ್ತದೆ ಎಂದೇನಿಲ್ಲ. ಫಿನಾಯಿಲಿಗೂ ಇಂಥ ವೃತ್ತ ಬಂದೀತು!

ಎರಡನೆಯದಕ್ಕೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯ ಮರಿಗಳು ಬೇಕು. 1982ರಿಂದ ಬಳಕೆಯಲ್ಲಿರುವ ಅಗ್ಗದ ಪರೀಕ್ಷೆ ಇದು. ಪ್ರನಾಳದಲ್ಲಿ ಮರಿಗಳನ್ನು ಬಿಟ್ಟು ರಸ ಸೇರಿಸಿ, 24 ಗಂಟೆಯ ಬಳಿಕ ಸತ್ತವೆಷ್ಟು ಎಂದು ಎಣಿಸುತ್ತಾರೆ. ಮಿಲಿಲೀಟರಿಗೆ 1000 ಮೈಕ್ರೋಗ್ರಾಮಿಗಿಂತ ಕಡಿಮೆ ಪ್ರಮಾಣದಲ್ಲೇ ಅರ್ಧದಷ್ಟು ಸತ್ತರೆ ಆ ರಸ ವಿಷಕಾರಿ. ಇದರಲ್ಲಿ ತಿಳಿಯುವುದು ಒಂದು ದಿನದ ವಿಷ ಮಾತ್ರ. ವರ್ಷಗಟ್ಟಲೆ ನಿಧಾನವಾಗಿ ಕೆಡಿಸುವುದು ಇಲ್ಲಿ ಸಿಕ್ಕಿಬೀಳುವುದಿಲ್ಲ.

ಬಜೆಯ ವಿಷಯ ಹೀಗೆಯೇ. ಅದರ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶವಿದೆ, ನಮ್ಮ ದೇಶದ ಬಜೆಯಲ್ಲಿ ಅದು ಹೆಚ್ಚು. ಜಮ್ಮುವಿನ ಬಜೆ ಎಣ್ಣೆಯನ್ನು ಬಹುಕಾಲ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗೆಡ್ಡೆಗಳು ಕಂಡವು. 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಇಲಿಗೆ ಕೊಟ್ಟ ಪ್ರಮಾಣ ಬೇರೆ, ನಾಲಿಗೆಗೆ ಹಚ್ಚುವುದು ಬೇರೆ, ನಿಜ. ಆಯುರ್ವೇದದವರೂ ಬಜೆಯನ್ನು ಶೋಧನೆ ಮಾಡಿಯೇ ಬಳಸಬೇಕೆನ್ನುತ್ತಾರೆ. ಆದರೆ ಹಸುಗೂಸಿಗೆ ಅಷ್ಟೂ ಏಕೆ ಬೇಕು? ಜೇನಂತೂ ಒಂದು ವರ್ಷ ತುಂಬುವವರೆಗೆ ಕೂಡದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು.

ದೊಡ್ಡವರ ಮದ್ದಿಗೂ ಒಂದು ಮಾತು. 2020ರಲ್ಲಿ, ಕೊರೊನಾ ಭಯದ ದಿನಗಳಲ್ಲಿ, ಅಮೃತಬಳ್ಳಿಯ ಕಷಾಯ ಕುಡಿದ ಮುಂಬಯಿಯ 6 ಮಂದಿಯ ಯಕೃತ್ತಿಗೆ ಹಾನಿಯಾದದ್ದನ್ನು ಅಲ್ಲಿನ ವೈದ್ಯರು ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿ ವಿಷಕಾರಿಯಾಗಬಹುದು ಎಂದು 2022ರಲ್ಲಿ ಆಯುಷ್ ಸಚಿವಾಲಯ ತಿಳಿಸಿತು. ವೈದ್ಯರಲ್ಲಿ ಈ ಚರ್ಚೆ ಮುಗಿದಿಲ್ಲ. ಬೇಲಿಯಿಂದ ಕೊಯ್ಯುವಾಗ ಕಾಂಡವನ್ನು ಬೆರಳಿನಿಂದ ಸವರಿ ನೋಡಿ: ಎದ್ದು ನಿಂತ ಗುಬಟುಗಳು ಒತ್ತೊತ್ತಾಗಿದ್ದರೆ ಆ ಬಳ್ಳಿಯನ್ನು ಅಲ್ಲೇ ಬಿಟ್ಟುಬಿಡಿ. ಯಕೃತ್ತಿನ ತೊಂದರೆ ಇರುವವರು ಯಾವ ಬಳ್ಳಿಯ ಕಷಾಯವನ್ನೂ ವೈದ್ಯರನ್ನು ಕೇಳದೆ ಕುಡಿಯಬೇಡಿ.