ನಾಯಿಮರಿಗೆ ರಾತ್ರಿಯ ಶಿಸ್ತು: ಮೊದಲ ಮೂರು ವಾರಗಳ ಕ್ರಮ

ತೋಟದ ಮನೆ, ಕಣ, ಕುರಿಹಟ್ಟಿ, ದನದ ಕೊಟ್ಟಿಗೆ ಇವೆಲ್ಲದರ ಕಾವಲಿಗೆ ನಾಯಿ ರೈತನ ಹಳೆಯ ಸಂಗಾತಿ. ಆದರೆ ಆಸೆಯಿಂದ ತಂದ ಮರಿ ರಾತ್ರಿಯಿಡೀ ಕುಂಯ್‌ಗುಟ್ಟುತ್ತದೆ, ಪಡಸಾಲೆಯಲ್ಲಿ ಗಲೀಜು ಮಾಡುತ್ತದೆ, ದುಡಿದು ಬಂದವರ ನಿದ್ದೆ ಕೆಡಿಸುತ್ತದೆ. ನಾಲ್ಕಾರು ದಿನ ಸಹಿಸಿ, ಆಮೇಲೆ ಹೊಡೆದು, ಕೊನೆಗೆ ಊರಾಚೆ ಬಿಟ್ಟು ಬರುವವರೂ ಉಂಟು. ಹಾಗೆ ಬಿಟ್ಟ ಮರಿ ಬದುಕಿದರೆ ಲಸಿಕೆಯಿಲ್ಲದ ಬೀದಿನಾಯಿಯಾಗಿ ಊರಿಗೇ ಅಪಾಯ ತರುತ್ತದೆ.

ನಾಯಿಬಾಲ ಡೊಂಕು ಎಂಬ ಮಾತಿದೆ. ಬಾಲದ ಸಂಗತಿ ಹೇಗಾದರೂ ಇರಲಿ, ಅಭ್ಯಾಸವನ್ನಂತೂ ತಿದ್ದಬಹುದು. ಮೊದಲ ಮೂರು ವಾರ ರಾತ್ರಿ ಹೊತ್ತು ತಪ್ಪದೆ ಎದ್ದವರ ಮನೆಯ ಮರಿ ಸಾಮಾನ್ಯವಾಗಿ ನಾಲ್ಕೈದು ತಿಂಗಳಿಗೆಲ್ಲ ಬೆಳಗಿನವರೆಗೆ ತಡೆದುಕೊಳ್ಳಲು ಕಲಿಯುತ್ತದೆ.

ಗಲೀಜು ಮಾಡುವುದೇಕೆ?

ಇದು ಮರಿಯ ಹಟವಲ್ಲ, ವಯಸ್ಸಿನ ದೋಷ. ಎಳೆಯ ಮರಿಯ ಮೂತ್ರಕೋಶ ಚಿಕ್ಕದು. ಅದನ್ನು ತಡೆಹಿಡಿಯುವ ಸ್ನಾಯುಗಳೂ ಬಲಿತಿರುವುದಿಲ್ಲ. ಸ್ಥೂಲವಾಗಿ ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿ. ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದೀತು. ಎರಡು ತಿಂಗಳ ಮರಿಗೆ 3 ಗಂಟೆ, ಮೂರು ತಿಂಗಳಿನದಕ್ಕೆ 4 ಗಂಟೆ. ರಾತ್ರಿ ಹತ್ತಕ್ಕೆ ಮಲಗಿಸಿದ ಎರಡು ತಿಂಗಳ ಮರಿ ಬೆಳಗಿನ ಆರರವರೆಗೆ ಒಣಗಿರಬೇಕೆಂದು ಬಯಸುವುದು ನ್ಯಾಯವಲ್ಲ.

ಇನ್ನೊಂದು ಸ್ವಭಾವ ನಮಗೆ ಅನುಕೂಲವಾಗಿದೆ. ಮೂರು ವಾರ ತುಂಬಿದ ಮರಿ ತಾನು ಮಲಗುವ ಜಾಗ ಬಿಟ್ಟು ಹೊರಗೆ ಹೋಗಿ ವಿಸರ್ಜಿಸಲು ತೊಡಗುತ್ತದೆ. ಎಂಟು ಒಂಬತ್ತು ವಾರದ ಹೊತ್ತಿಗೆ ಕಾಲಡಿಯ ನೆಲವನ್ನು ಗುರುತಿಸಿ, ಇಂಥ ನೆಲವೇ ಬೇಕೆಂದು ರೂಢಿ ಮಾಡಿಕೊಳ್ಳುತ್ತದೆ. ಮರಿಯನ್ನು ತಾಯಿಯಿಂದ ಬಿಡಿಸಿ ತರಲು ಸರಿಯಾದ ವಯಸ್ಸೂ ಎಂಟು ವಾರವೇ. ಆದುದರಿಂದ ಮನೆಗೆ ಬಂದ ಮೊದಲ ದಿನದಿಂದಲೇ ಪಾಠ ಆರಂಭವಾಗಬೇಕು.

ಹಳ್ಳಿಯ ಮನೆಗಳಲ್ಲಿ ಇಲ್ಲೊಂದು ತೊಡಕಿದೆ. ಒಳಗಿನ ನೆಲವನ್ನೂ ಅಂಗಳವನ್ನೂ ಸಗಣಿಯಿಂದ ಸಾರಿಸಿದ್ದರೆ ಮರಿಗೆ ಒಳಗು ಹೊರಗಿನ ಭೇದ ತಿಳಿಯುವುದು ಕಷ್ಟ. ಅಂಗಳದಾಚೆ, ಬಾವಿ ಮತ್ತು ಕಣದಿಂದ ದೂರದಲ್ಲಿ, ಒಂದು ಮೂಲೆಗೆ ನಾಲ್ಕಾರು ಬುಟ್ಟಿ ಮರಳು ಅಥವಾ ಸಡಿಲ ಮಣ್ಣು ಹಾಕಿ ಅದನ್ನೇ ಮರಿಯ ಜಾಗವೆಂದು ಗೊತ್ತುಮಾಡಬೇಕು.

ಮಲಗುವ ಏರ್ಪಾಡು

ಮರಿ ಕಾಲು ಚಾಚಿ ಮಲಗಿ, ಒಮ್ಮೆ ಹೊರಳುವಷ್ಟು ಅಗಲದ ಮರದ ಪೆಟ್ಟಿಗೆ ಸಾಕು. ಗಾಳಿಯಾಡುವಂತಿರಬೇಕು. ತೀರ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಕೆಡಿಸುತ್ತದೆ. ಒಗೆದು ಒಣಗಿಸಿದ ಗೋಣಿಚೀಲ ಹಾಸಬೇಕು. ಕೀಟನಾಶಕ ಅಥವಾ ಗೊಬ್ಬರ ತುಂಬಿದ್ದ ಚೀಲ ಖಂಡಿತ ಕೂಡದು. ತಾಯಿನಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ತಂದು ಹಾಸಿದರೆ ಆ ವಾಸನೆಗೆ ಮರಿ ಬೇಗ ಸಮಾಧಾನಗೊಳ್ಳುತ್ತದೆ.

ಮೊದಲ ವಾರ ಪೆಟ್ಟಿಗೆ ಯಾರಾದರೊಬ್ಬರ ಹಾಸಿಗೆಯ ಬಳಿಯೇ ಇರಲಿ. ಒಡಹುಟ್ಟಿದವುಗಳ ಬೆಚ್ಚನೆಯ ಗುಂಪಿನಿಂದ ಬಂದ ಮರಿ ಒಂಟಿತನಕ್ಕೆ ಹೆದರಿ ಅಳುತ್ತದೆ. ಬಳಿಯಲ್ಲಿದ್ದರೆ ಅದು ಏಳುವುದೂ ನಮಗೆ ತಿಳಿಯುತ್ತದೆ. ಬಳಿಕ ದಿನಕ್ಕೆ ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತಾ ಪಡಸಾಲೆಗೆ ಸಾಗಿಸಬಹುದು. ಎಳೆಯ ಮರಿಯನ್ನು ರಾತ್ರಿ ಹೊರಗೆ ಕಟ್ಟಬಾರದು. ಚಿರತೆ ಓಡಾಡುವ ಸೀಮೆಯಲ್ಲಿ ಬೆಳೆದ ನಾಯಿಯನ್ನೂ ಒಳಗೆ ಅಥವಾ ಭದ್ರವಾದ ಗೂಡಿನಲ್ಲಿ ಮಲಗಿಸುವುದೇ ಕ್ಷೇಮ.

ಸಂಜೆಯಿಂದ ಬೆಳಗಿನವರೆಗೆ

ಮುಧೋಳ ತಳಿಯಂತಹ ಓಟದ ನಾಯಿಗಳ ಮರಿಗಳಿಗೆ ಚಟುವಟಿಕೆ ಬಹಳ. 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ನಾಡಿನ ಈ ತಳಿಯನ್ನು ಈಗ ಹಲವು ಜಿಲ್ಲೆಗಳ ರೈತರು ಸಾಕುತ್ತಿದ್ದಾರೆ. ಇಂಥ ಮರಿಯನ್ನು ಹಗಲೆಲ್ಲ ಕಟ್ಟಿಹಾಕಿದರೆ ಕೂಡಿಟ್ಟ ಕಸುವನ್ನು ಅದು ರಾತ್ರಿ ಹೊರಹಾಕುತ್ತದೆ. ಸಂಜೆ ಅರ್ಧ ಗಂಟೆ ಸ್ವಂತ ಹೊಲದ ಬದುವಿನ ಮೇಲೆ ಮನಬಂದಂತೆ ಓಡಾಡಲು ಬಿಡಬೇಕು. ಲಸಿಕೆಗಳು ಪೂರ್ಣವಾಗುವವರೆಗೆ ಬೇರೆ ನಾಯಿಗಳು ತಿರುಗುವ ಜಾಗಕ್ಕೆ ಒಯ್ಯಬಾರದು.

ಎರಡು ಮೂರು ತಿಂಗಳ ಮರಿಗೆ ಅನುಸರಿಸಬಹುದಾದ ವೇಳಾಕ್ರಮ ಹೀಗಿದೆ:

ಸಂಜೆ 5.30: ಆಟ, ಓಟ.
ಸಂಜೆ 6.30: ದಿನದ ಕೊನೆಯ ಊಟ. ಉಂಡ 15ರಿಂದ 30 ನಿಮಿಷದೊಳಗೆ ಮರಳಿನ ಜಾಗಕ್ಕೆ ಒಯ್ಯಬೇಕು. ಹೊಟ್ಟೆ ತುಂಬಿದ ಕೂಡಲೇ ಕರುಳು ಕೆಲಸ ಆರಂಭಿಸುತ್ತದೆ.
ರಾತ್ರಿ 8.00: ಆಟ ನಿಲ್ಲಿಸಿ ಶಾಂತವಾಗಿರಿಸಬೇಕು.
ರಾತ್ರಿ 10.00: ಹೊರಗೆ ಒಯ್ದು, ವಿಸರ್ಜನೆಯಾದ ಮೇಲೆ ಮಲಗಿಸಬೇಕು.
ರಾತ್ರಿ 1.00 ಮತ್ತು ಬೆಳಗಿನ ಜಾವ 4.00: ಅಲಾರಂ ಇಟ್ಟುಕೊಂಡು ಎದ್ದು ಹೊರಗೆ ಒಯ್ಯಬೇಕು.
ಬೆಳಿಗ್ಗೆ 5.30: ಹಾಲು ಕರೆಯಲು ಎದ್ದವರು ಎಲ್ಲಕ್ಕಿಂತ ಮೊದಲು ಮರಿಯನ್ನು ಹೊರಗೆ ಬಿಡಬೇಕು.

ರಾತ್ರಿ ಗಲೀಜಾದೀತೆಂದು ಹಗಲಿನಲ್ಲಿ ನೀರು ತಪ್ಪಿಸುವುದು ತಪ್ಪು. ಬೇಸಗೆಯಲ್ಲಂತೂ ನೀರು ಸದಾ ಸಿಗಬೇಕು. ಹಾಲು ಕೆಲವು ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಅಂಥವಕ್ಕೆ ರಾತ್ರಿ ಹಾಲು ಬೇಡ.

ರಾತ್ರಿ ಎದ್ದಾಗ ಬ್ಯಾಟರಿ ದೀಪ, ಕಾಲಿಗೆ ಚಪ್ಪಲಿ ತಪ್ಪಬಾರದು. ಹಾವು ಚೇಳುಗಳ ಭಯವಿರುತ್ತದೆ. ಮರಿಯನ್ನು ಎತ್ತಿಕೊಂಡೇ ಹೋಗಬೇಕು. ನಡೆಸಿಕೊಂಡು ಹೋದರೆ ದಾರಿಯಲ್ಲೇ ಮುಗಿಸುತ್ತದೆ. ಮುದ್ದಾಟ, ಆಟ ಬೇಡ. ಪ್ರತಿಸಲವೂ ಒಂದೇ ಮಾತು ಹೇಳಿ ಐದು ನಿಮಿಷ ಕಾಯಬೇಕು. ಕೆಲಸ ಮುಗಿಸಿದ ಕ್ಷಣವೇ ಮೆಚ್ಚಿ, ರೊಟ್ಟಿಯ ಚೂರೊಂದನ್ನು ಕೊಟ್ಟು ಮತ್ತೆ ಮಲಗಿಸಬೇಕು. ಆಟವಾಡಿಸಿದರೆ ಮರುರಾತ್ರಿ ಆಟಕ್ಕಾಗಿಯೇ ಎಬ್ಬಿಸುತ್ತದೆ.

ಒಂದು ವಾರ ಒಣಗಿ ಉಳಿದರೆ ಅಲಾರಂ ಅನ್ನು ಹದಿನೈದು ನಿಮಿಷದಂತೆ ಮುಂದಕ್ಕೆ ತಳ್ಳುತ್ತಾ ಹೋಗಿ, ಕ್ರಮೇಣ ಎರಡು ಸಲ ಏಳುವುದನ್ನು ಒಂದಕ್ಕೆ ಇಳಿಸಬಹುದು. ಈ ಕೆಲಸವನ್ನು ಮನೆಯ ಹೆಂಗಸರ ಮೇಲೆಯೇ ಹೊರಿಸದೆ ಎಲ್ಲರೂ ಸರದಿಯಂತೆ ಮಾಡತಕ್ಕದ್ದು.

ಹೊಡೆತದಿಂದ ಹಾನಿ

ಮರಿಯ ಮೂತಿಯನ್ನು ಗಲೀಜಿಗೆ ಉಜ್ಜುವುದು, ಪೊರಕೆಯಿಂದ ಹೊಡೆಯುವುದು ಹಳ್ಳಿಗಳಲ್ಲಿ ಸಾಮಾನ್ಯ. ರಾತ್ರಿ ಎರಡಕ್ಕೆ ಮಾಡಿದ ಕೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹೊಡೆದರೆ ಏಕೆಂದು ಮರಿಗೆ ತಿಳಿಯುವುದಿಲ್ಲ. ಒಡೆಯನ ಎದುರು ವಿಸರ್ಜಿಸಿದರೆ ಪೆಟ್ಟು ಬೀಳುತ್ತದೆಂದಷ್ಟೇ ಕಲಿಯುತ್ತದೆ. ಆಮೇಲೆ ಹೊರಗೆ ಒಯ್ದರೂ ಸುಮ್ಮನಿದ್ದು, ಒಳಗೆ ಬಂದು ಮೂಟೆಯ ಮರೆಯಲ್ಲಿ ಮುಗಿಸುತ್ತದೆ. ಮಾಡುತ್ತಿರುವಾಗಲೇ ಕಂಡರೆ ಗದರದೆ ಎತ್ತಿಕೊಂಡು ಹೊರಗೆ ಹೋಗುವುದೇ ಸರಿಯಾದ ಕ್ರಮ.

ಕೆಟ್ಟ ಜಾಗದಲ್ಲಿ ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಸಿಮೆಂಟು ನೆಲವಾದರೆ ಸಾಬೂನು ನೀರಿನಿಂದ ತೊಳೆದು, ನೀರು ಬೆರೆಸಿದ ವಿನೆಗರ್‌ನಿಂದ ಒರೆಸಬೇಕು. ಮಣ್ಣಿನ ನೆಲವಾದರೆ ಮೇಲ್ಮಣ್ಣು ಕೆರೆದು ತೆಗೆದು, ಹೊಸ ಮಣ್ಣು ತುಂಬಿ ಸಾರಿಸಬೇಕು. ಮರಿ ನೆಲ ನೆಕ್ಕುವುದರಿಂದ ಫಿನೈಲ್ ಬೇಡ.

ಮಕ್ಕಳ ಆರೋಗ್ಯದ ಪ್ರಶ್ನೆ

ಈ ಶಿಸ್ತು ಕೇವಲ ಅಚ್ಚುಕಟ್ಟಿನ ಮಾತಲ್ಲ. ಹೆಚ್ಚಿನ ನಾಯಿಮರಿಗಳಿಗೆ ತಾಯಿಯ ಗರ್ಭದಲ್ಲಿ ಮತ್ತು ಹಾಲಿನ ಮೂಲಕ ದುಂಡುಹುಳುಗಳು ಬಂದಿರುತ್ತವೆ. ಮಲದೊಡನೆ ಬೀಳುವ ಅವುಗಳ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಬಲಿತು, ಬಹುಕಾಲ ಬದುಕುತ್ತವೆ. ಅಂಗಳದಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರಿದರೆ ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆದು, ಕೆಲವೊಮ್ಮೆ ಕಣ್ಣನ್ನೂ ಕೆಡಿಸುತ್ತವೆ.

ಆದುದರಿಂದ ಮರಳಿನ ಜಾಗದ ಮಲವನ್ನು ದಿನವೂ ಸಲಿಕೆಯಿಂದ ತೆಗೆದು ಆಳವಾಗಿ ಹೂಳಬೇಕು. ತರಕಾರಿ ಮಡಿಗೆ ಹೋಗುವ ಗೊಬ್ಬರದ ಗುಂಡಿಗೆ ಹಾಕಕೂಡದು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕ ಜಂತುನಾಶಕವನ್ನು ಪಶುವೈದ್ಯರ ಸಲಹೆಯಂತೆ ಕೊಡಿಸಬೇಕು. ಆರರಿಂದ ಎಂಟು ವಾರದಲ್ಲಿ ರೋಗನಿರೋಧಕ ಲಸಿಕೆಗಳನ್ನು ಆರಂಭಿಸಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಮೂತ್ರ ಮಾಡಿದರೆ, ಮುಕ್ಕಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅದು ರೋಗದ ಲಕ್ಷಣ. ವಾಂತಿ, ರಕ್ತಭೇದಿ ಕಂಡರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕಾಣಬೇಕು. ಎಳೆಯ ಮರಿ ಒಂದೆರಡು ದಿನದಲ್ಲೇ ಸಾಯಬಹುದು.

ಮೂರು ವಾರದ ನಿದ್ದೆಗೇಡು ಚಿಕ್ಕ ನಷ್ಟವೇನಲ್ಲ, ನಿಜ. ಆದರೆ ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಅಷ್ಟೂ ವರ್ಷ ನಿಮ್ಮ ನಿದ್ದೆಯನ್ನು ಕಾಯುವುದು ಅದೇ.