ಬೆನ್ನು ಅಂದರೂ ಅದೇ, ವೆನ್ನು ಅಂದರೂ ಅದೇ

ನಮ್ಮ ಮಡಕಶಿರಾ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. 2022ರಲ್ಲಿ ಜಿಲ್ಲೆಯ ಹೆಸರು ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಆಯಿತು, ಮಾತಿನ ಲೆಕ್ಕ ಮಾತ್ರ ಹಾಗೇ ಉಳಿಯಿತು. ನೋವು ಬಂದಾಗ ಬಾಯಿಗೆ ಮೊದಲು ಯಾವ ಭಾಷೆ ಬರುತ್ತದೆ ಎಂಬುದು ನನಗೆ ತಿಳಿದದ್ದು 2023ರ ಕಾರ್ತಿಕದಲ್ಲಿ. ಮಳೆ ಕೈಕೊಟ್ಟ ವರ್ಷ. ಬೆಳೆದದ್ದೇ ಹನ್ನೊಂದು ಚೀಲ ಕಡ್ಲೆಕಾಯಿ. ಏಳನೇ ಚೀಲವನ್ನು ಟ್ರ್ಯಾಕ್ಟರ್ ಟ್ರೇಲರಿಗೆ ಎತ್ತುವಾಗ ಸೊಂಟದಲ್ಲಿ ಏನೋ ಚಳಕ್ ಅಂತು. "ಅಯ್ಯೋ" ಅಂದೆ. ಆ ಮಾತು ಎರಡು ಭಾಷೆಗೂ ಒಂದೇ!

ಹನ್ನೆರಡು ದಿನ ಮಂಚ ಹಿಡಿದೆ. ಎದ್ದರೆ ನೋವು, ಮಲಗಿದರೆ ಚಿಂತೆ. ಬೆಂಗಳೂರಲ್ಲಿರೋ ಮಗ ಫೋನಿನಲ್ಲಿ, "ಅಪ್ಪಾ, ಹೊಲ ವಾರಕ್ಕೆ ಕೊಟ್ಟುಬಿಡು, ಸಾಕು ನೀನು ದುಡಿದದ್ದು" ಅಂದ. ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ ಐವತ್ತೇಳು ವರ್ಷಕ್ಕೇ ನನ್ನ ಹೊಲದ ಬದುವಿನ ಮೇಲೆ ನಾನು ಪರಸ್ಥಳದವನ ಹಾಗೆ ನಿಲ್ಲಬೇಕಾ ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಹದಿಮೂರನೇ ದಿನ ಡಾಕ್ಟರಲ್ಲಿಗೆ ಹೋದೆ. ಕಾಲು ಎತ್ತಿಸಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಕಾಲಿನಲ್ಲಿ ಬಲ ಕಮ್ಮಿಯಾಗಿದೆಯಾ, ಒಳತೊಡೆ ಜೋಮು ಹಿಡಿದಿದೆಯಾ, ಒಂದಕ್ಕೆ ಎರಡಕ್ಕೆ ತಡೆಯಾಗಿದೆಯಾ ಅಂತ ಕೇಳಿದರು. ಇವು ಇದ್ದರೆ ಒಂದು ದಿನವೂ ತಡ ಮಾಡದೆ ಆಸ್ಪತ್ರೆ ಸೇರಬೇಕಂತೆ. ನನಗೆ ಅವು ಯಾವುವೂ ಇರಲಿಲ್ಲ. "ಹಾಗಾದರೆ ಮಲಗಬೇಡಿ, ಓಡಾಡಿ. ಮಲಗಿದಷ್ಟೂ ಸ್ನಾಯು ಸೊರಗುತ್ತೆ" ಅಂದರು. ನಾನು ಹನ್ನೆರಡು ದಿನ ಮಾಡಿದ್ದು ಪೂರಾ ಉಲ್ಟಾ.

ಅಳಿಯನ ಪುಸ್ತಕ

ನಮ್ಮಕ್ಕನ ಮಗ ಬೆಂಗಳೂರಿನ ಒಂದು ಜಿಮ್ಮಿನಲ್ಲಿ ತರಬೇತುದಾರ. ಆಗ ಯಾವುದೋ ಪರೀಕ್ಷೆಗೆ ಓದುತ್ತಿದ್ದವನು ನನ್ನನ್ನು ನೋಡಲು ಬಂದಾಗ ಚೀಲದಲ್ಲಿ ಎರಡು ದಪ್ಪ ಪುಸ್ತಕ ತಂದಿದ್ದ. ಒಂದು ದೇಹದ ಮೂಳೆ-ಸ್ನಾಯುಗಳದು, ಇನ್ನೊಂದು ಮನಸ್ಸಿನದು. "ಕಸರತ್ತು ಹೇಳಿಕೊಡೋಕೆ ಮನಶ್ಶಾಸ್ತ್ರ ಯಾಕಪ್ಪಾ?" ಅಂತ ಕೇಳಿದೆ. "ಮಾವ, ಕಸರತ್ತು ಹೇಳಿಕೊಡೋದು ಸುಲಭ, ಮಾಡಿಸೋದು ಕಷ್ಟ" ಅಂದ. ಅವತ್ತು ನಕ್ಕಿದ್ದೆ.

ಮೊದಲು ಮೂಳೆಯ ಪುಸ್ತಕ ಬಿಚ್ಚಿದ. ಬೆಳೆದ ಮನುಷ್ಯನ ಮೈಯಲ್ಲಿ 206 ಮೂಳೆ, ಆರು ನೂರಕ್ಕೂ ಮೇಲೆ ಸ್ನಾಯು. ಬೆನ್ನುಮೂಳೆಯಲ್ಲಿ ಬಿಡಿಬಿಡಿಯಾಗಿ ಅಲುಗುವವು 24 ಮಣಿ: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಮೇಲಿನ ಭಾರವೆಲ್ಲ ಕೊನೆಗೆ ಕೂರುವುದು ಆ ಐದರ ಮೇಲೆ. ಕೆಳಗೆ ತೊಡೆಮೂಳೆ ಸೊಂಟಕ್ಕೆ ಸೇರುವ ಕಡೆ ಒರಳಿನೊಳಗೆ ಗುಂಡುಕಲ್ಲು ತಿರುಗುವ ಹಾಗೆ ಕೀಲು ಇದೆ, ಅದು ಎತ್ತ ಬೇಕಾದರೂ ತಿರುಗುತ್ತದೆ. ಮೊಣಕಾಲು ಹಾಗಲ್ಲ, ಬಾಗಿಲ ಕೀಲಿನ ಹಾಗೆ ಹೆಚ್ಚೂಕಮ್ಮಿ ಒಂದೇ ಕಡೆಗೆ ಮಡಚುವಂಥದ್ದು.

"ಸ್ನಾಯುವಿಗೆ ಎಳೆಯೋದು ಒಂದೇ ಗೊತ್ತು ಮಾವ, ತಳ್ಳೋಕೆ ಬರಲ್ಲ" ಅಂದ. ತೋಳು ಮಡಚಲು ಮುಂದಿನ ಸ್ನಾಯು ಎಳೆಯಬೇಕು, ಚಾಚಲು ಹಿಂದಿನದು ಎಳೆಯಬೇಕು, ಜೋಡೆತ್ತಿನ ಹಾಗೆ. ಇಡೀ ಮೈಯಲ್ಲಿ ದೊಡ್ಡ ಸ್ನಾಯು ಯಾವುದು ಗೊತ್ತಾ? ಪಿರ್ರೆಯದು. ನಾವು ಕೂರಲು ಮಾತ್ರ ಬಳಸುವ ಆ ಜಾಗ ಭಾರ ಎತ್ತಲು ಇರುವ ದೊಡ್ಡ ಎತ್ತು. ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಕರುವಿನ ಹೆಗಲಿಗೆ ನೊಗ ಇಟ್ಟಂತಿತ್ತು ನಾನು ಚೀಲ ಎತ್ತುತ್ತಿದ್ದ ರೀತಿ.

ವ್ಯಾಪಾರಸ್ಥ ಓದುಗರಿಗೆ ಇದು ತಕ್ಕಡಿ ಕೋಲಿನ ಲೆಕ್ಕದಲ್ಲಿ ಬೇಗ ತಿಳಿಯುತ್ತದೆ. ಬೆನ್ನಿನ ಸ್ನಾಯು ಬೆನ್ನುಮೂಳೆಯಿಂದ ಸುಮಾರು 5 ಸೆಂ.ಮೀ. ಹಿಂದಿದೆ. 40 ಕೆ.ಜಿ. ಚೀಲವನ್ನು ಮೈಯಿಂದ ದೂರ, ಬೆನ್ನುಮೂಳೆಗೆ 40 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯು ಎಳೆಯಬೇಕಾದ್ದು ಅಂದಾಜು 320 ಕೆ.ಜಿ. ಬಲ. ಅಂದರೆ ಮೂರು ಕ್ವಿಂಟಾಲ್ ದಾಟಿತು! ಅದೇ ಚೀಲವನ್ನು ಹೊಟ್ಟೆಗೆ ಒತ್ತಿ 20 ಸೆಂ.ಮೀ.ಗೆ ತಂದರೆ ಅರ್ಧಕ್ಕರ್ಧ ಇಳಿದು 160. ಬಗ್ಗಿದ ಮೈಯ ತೂಕ ಇದರ ಮೇಲೆ ಬೇರೆ. ಚೀಲದ ತೂಕ ಇಳಿಸಲು ನಮ್ಮ ಕೈಲಾಗದು, ದೂರ ಇಳಿಸಬಹುದಲ್ಲ?

ಬಾರುಕೋಲಿನ ಪಾಠ

ಅಳಿಯ ಮೂಲೆಯಲ್ಲಿದ್ದ ಬಾರುಕೋಲು ತಂದು ನನ್ನ ಬೆನ್ನಿಗೆ ಉದ್ದಕ್ಕೆ ಹಿಡಿಸಿದ. ಹಿಂದಲೆ, ಬೆನ್ನಿನ ಮೇಲ್ಭಾಗ, ಕೆಳಗೆ ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿರಬೇಕು. ಈಗ ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಹಿಂದಿರುವ ಬಾಗಿಲನ್ನು ಪಿರ್ರೆಯಿಂದ ಮುಚ್ಚುವ ಹಾಗೆ ಹಿಂದಕ್ಕೆ ಸರಿದು ಬಗ್ಗಬೇಕು. ಕೋಲು ಎಲ್ಲಿಯೂ ಬಿಟ್ಟುಕೊಳ್ಳಬಾರದು. ಮೊದಲ ಸಲ ಅರ್ಧ ಬಗ್ಗುವಷ್ಟರಲ್ಲಿ ಕೋಲು ಸೊಂಟದ ಹತ್ತಿರ ಜಾರಿತು. ಐವತ್ತು ವರ್ಷ ಬಗ್ಗಿ ದುಡಿದವನಿಗೆ ಬಗ್ಗುವುದೇ ಗೊತ್ತಿರಲಿಲ್ಲ ಅಂದರೆ ನಗು ಬರುತ್ತೋ ಅಳು ಬರುತ್ತೋ ನೀವೇ ಹೇಳಿ.

ಬೆನ್ನು ಬಗ್ಗಿಸಲೇಬಾರದು ಅಂತಲ್ಲ, ಅದು ಬಗ್ಗಲೆಂದೇ ಆಗಿರುವ ಅಂಗ. ಭಾರ ಎತ್ತುವಾಗ ಸೊಂಟದ ಐದು ಮಣಿಗಳನ್ನು ಮಾತ್ರ ದುಡಿಸದೆ ತೊಡೆಯ ಕೀಲಿನಿಂದ ಬಗ್ಗಬೇಕು ಅಂತ. ಇನ್ನೆರಡು ಕಸರತ್ತು ಹೇಳಿದ. ಅಂಗಾತ ಮಲಗಿ ಮೊಣಕಾಲು ಮಡಚಿ ಪಿರ್ರೆ ಮೇಲೆತ್ತುವುದು ಒಂದು. ಕೂಸಿನ ಹಾಗೆ ಅಂಬೆಗಾಲಿಟ್ಟು ಬಲಗೈ-ಎಡಗಾಲು, ಎಡಗೈ-ಬಲಗಾಲು ಚಾಚಿ ನಿಲ್ಲುವುದು ಇನ್ನೊಂದು. ಒಂದೊಂದೂ ಹತ್ತು ಸಲ. "ದಿನಾ ಬಿಡದೆ ಮಾಡಬೇಕು ಮಾವ, ಮಾಡದಿದ್ರೆ ಮತ್ತೆ ಹಿಡ್ಕಳುತ್ತೆ" ಅಂತ ಹೆದರಿಸಿ ಬಸ್ಸು ಹತ್ತಿದ.

ಮಾಡಿದೆ. ನೋವು ಹೋಯಿತು. ಸಂಕ್ರಾಂತಿಗೆ ನೆಂಟರು ಬಂದರು, ಕಸರತ್ತು ನಿಂತಿತು. "ಹೊಲದಲ್ಲಿ ದುಡಿಯೋನಿಗೆ ಜಿಮ್ಮು ಯಾಕೆ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶಿವರಾತ್ರಿ ಹಿಂದಿನ ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ಮತ್ತೆ ಚಳಕ್.

ಎರಡನೇ ಪುಸ್ತಕ

ಈ ಸಲ ಅಳಿಯ ಬಂದವನು ಬೈಯಲಿಲ್ಲ. "ತಪ್ಪು ನಂದೇ ಮಾವ. ಬರೀ ಅಪ್ಪಣೆ ಕೊಟ್ಟು ಹೋಗಿದ್ದೆ" ಅಂದ. ಆಮೇಲೆ ಎರಡನೇ ಪುಸ್ತಕದ ಮಾತು ತೆಗೆದ.

ಅಮೆರಿಕದ ಪ್ರೊಚಾಸ್ಕ, ಡಿಕ್ಲೆಮೆಂಟೆ ಎಂಬಿಬ್ಬರು ಸಿಗರೇಟು ಬಿಡುವವರನ್ನು ಅಭ್ಯಾಸ ಮಾಡಿ ಬರೆದದ್ದು ಹೀಗಂತೆ: ಮನುಷ್ಯ ಒಂದೇ ನೆಗೆತಕ್ಕೆ ಬದಲಾಗುವುದಿಲ್ಲ. ಯೋಚನೆಯೇ ಇಲ್ಲದ ಹಂತ, ಹೌದೋ ಅಲ್ಲವೋ ಅಂತ ತೂಗುವ ಹಂತ, ಸಿದ್ಧವಾಗುವ ಹಂತ, ಮಾಡುವ ಹಂತ, ಮಾಡಿದ್ದನ್ನು ಉಳಿಸಿಕೊಳ್ಳುವ ಹಂತ. ನಡುವೆ ಜಾರಿ ಬೀಳುವವರೇ ಬಹಳ. ಬಿದ್ದವನು ಕೆಟ್ಟವನಲ್ಲ, ಮತ್ತೆ ಮೆಟ್ಟಿಲು ಹತ್ತಬೇಕಾದವನು. ಇನ್ನು ಮಿಲ್ಲರ್, ರೋಲ್ನಿಕ್ ಎಂಬುವರು 1991ರ ಪುಸ್ತಕದಲ್ಲಿ ಹೇಳಿದ್ದು, ಬುದ್ಧಿ ಹೇಳಿದಷ್ಟೂ ಮನುಷ್ಯ ಎದುರು ವಾದ ಹೂಡುತ್ತಾನೆ, ಅದರ ಬದಲು ಅವನ ಬಾಯಿಂದಲೇ ಕಾರಣ ಬರುವ ಹಾಗೆ ಕೇಳಬೇಕು ಅಂತ.

ಅಳಿಯ ಕೇಳಿದ: "ಮಾವ, ದಿನಾ ಕಸರತ್ತು ಮಾಡ್ತೀನಿ ಅನ್ನೋ ನಂಬಿಕೆ ನಿಮಗೆ ಹತ್ತಕ್ಕೆ ಎಷ್ಟಿದೆ?"

"ಆರು" ಅಂದೆ.

"ಆರು ಯಾಕೆ, ಮೂರು ಯಾಕಲ್ಲ?"

ಹತ್ತು ಯಾಕಲ್ಲ ಅಂತ ಕೇಳಿದ್ದರೆ ನೂರು ನೆಪ ಹೇಳುತ್ತಿದ್ದೆ. ಮೂರು ಯಾಕಲ್ಲ ಅಂದಾಗ ನನಗೇ ಗೊತ್ತಿಲ್ಲದೆ ಬಾಯಿಂದ ಬಂತು: "ಆಷಾಢಕ್ಕೆ ನನ್ನ ಹೊಲ ನಾನೇ ಬಿತ್ತಬೇಕು ಕಣೋ. ವಾರಕ್ಕೆ ಕೊಡಲ್ಲ." ಅವನು ಮಾತಾಡಲಿಲ್ಲ. ನನ್ನ ಮಾತನ್ನು ನನ್ನ ಕೈಯಲ್ಲೇ ಕ್ಯಾಲೆಂಡರಿನ ಹಿಂದೆ ಬರೆಸಿದ.

ಮುಂದೆ ಎರಡು ಉಪಾಯ. ಒಂದು, ಕಸರತ್ತನ್ನು ಇರುವ ಕೆಲಸಕ್ಕೆ ಕಟ್ಟುವುದು. "ಪುರುಸೊತ್ತಾದಾಗ ಮಾಡ್ತೀನಿ" ಅನ್ನಬಾರದು. "ಡೇರಿಗೆ ಹಾಲು ಹಾಕಿ ಕ್ಯಾನು ತೊಳೆದಿಟ್ಟ ತಕ್ಷಣ ಪಡಸಾಲೆಯಲ್ಲಿ ಚಾಪೆ ಹಾಸ್ತೀನಿ" ಅನ್ನಬೇಕು. ಎರಡು, ಮೊದಲ ವಾರ ಬಾರುಕೋಲಿನದೊಂದೇ, ಎರಡೇ ನಿಮಿಷ. ಸೋಲಲು ಆಗದಷ್ಟು ಸಣ್ಣದು.

2024ರ ಯುಗಾದಿಗೆ ಶುರು ಮಾಡಿದೆ. ಲಂಡನ್ನಿನಲ್ಲಿ 96 ಜನರನ್ನು ನೋಡಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹೊಸ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತಂತೆ, ಕೆಲವರಿಗೆ 18, ಕೆಲವರಿಗೆ ಅಂದಾಜು 254. ನಡುವೆ ಒಂದು ದಿನ ತಪ್ಪಿದರೆ ಗಂಟೇನೂ ಮುಳುಗಲ್ಲ ಅಂತಲೂ ಅದರಲ್ಲಿದೆ. ಈ ಕೊನೆಯ ಮಾತು ನನ್ನನ್ನು ಉಳಿಸಿತು. ಮದುವೆ, ಜಾತ್ರೆ, ಸಾವು ಅಂತ ಒಂಬತ್ತು ದಿನ ತಪ್ಪಿತು. ಮೊದಲಾಗಿದ್ದರೆ "ಹೋಯ್ತು ಬಿಡು" ಅನ್ನುತ್ತಿದ್ದೆ. ಈಗ ಮಾರನೇ ದಿನ ಚಾಪೆ ಹಾಸಿದೆ. ಕಾರ ಹುಣ್ಣಿಮೆ ಹೊತ್ತಿಗೆ ಕ್ಯಾನು ತೊಳೆದರೆ ಕಾಲು ತಾನೇ ಪಡಸಾಲೆಗೆ ಹೋಗುತ್ತಿತ್ತು.

ಆಷಾಢದಲ್ಲಿ ಬಿತ್ತಿದೆ. ನಾನೇ.

ಮನೆಯವಳ ಮಾತು

ಅಳಿಯನಿಗೆ ನಾನೂ ಒಂದು ಪಾಠ ಹೇಳಿದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ ಎಷ್ಟೋ ಮೈಗಳನ್ನು ತಿದ್ದಿದ ಕೆ.ವಿ. ಅಯ್ಯರ್ ಅವರೇ 'ಶಾಂತಲಾ' ಕಾದಂಬರಿ ಬರೆದವರು. ಇತ್ತ ತೆಲುಗಿನ ಕಡೆ 'ಕಲಿಯುಗ ಭೀಮ' ಅನ್ನಿಸಿಕೊಂಡ ಕೋಡಿ ರಾಮಮೂರ್ತಿ ನಾಯ್ಡು ಸರ್ಕಸ್ ಕಟ್ಟಿ ಊರೂರು ತಿರುಗಿದವರು. ಮೈಯೂ ಮಾತೂ ಬೇರೆ ಬೇರೆ ಅಂತ ನಮ್ಮ ಎರಡೂ ಸೀಮೆಯ ಹಿರಿಯರು ತಿಳಿದಿರಲಿಲ್ಲ. ಕನ್ನಡದಲ್ಲಿ ಕೆಲಸಕ್ಕೆ 'ಟೊಂಕ ಕಟ್ಟು' ಅಂತೀವಿ, ತೆಲುಗಿನಲ್ಲಿ 'ನಡುಮು ಬಿಗಿಂಚು' ಅಂತಾರೆ. ಎರಡು ಭಾಷೆಯೂ ಗಟ್ಟಿತನವನ್ನು ಇಟ್ಟಿರುವುದು ಸೊಂಟದಲ್ಲೇ.

ಇದನ್ನೆಲ್ಲ ಬರೆದು ಓದಿ ಹೇಳಿದಾಗ ನಮ್ಮನೆಯವಳು ಅಕ್ಕಿ ಆರಿಸುತ್ತಾ ಕೂತಿದ್ದಳು. "ನಿಮ್ ಸೊಂಟ ಹಿಡ್ಕಂಡ್ರೆ ಪೇಪರಿಗೆ ಬರೀತೀರಾ. ನಮ್ ಸೊಂಟ ಹಿಡ್ಕಂಡ್ರೆ ಅಮೃತಾಂಜನ" ಅಂದಳು. ನನ್ನ ಪೆನ್ನು ನಿಂತಿತು. ಹೊಲದಲ್ಲಿ ಬೆಳಗಿಂದ ಸಂಜೆ ತನಕ ಬಗ್ಗಿ ಕಳೆ ತೆಗೆಯುವವಳು ಅವಳು. ಮೂವತ್ತು ವರ್ಷದಲ್ಲಿ ಅವಳ ಬೆನ್ನು ಹೇಗಿದೆ ಅಂತ ನಾನು ಕೇಳಿದ್ದು ನೆನಪಿಲ್ಲ. ಅಳಿಯನಿಗೆ ಫೋನು ಮಾಡಿದೆ. "ಅತ್ತೆಗೆ ಕಸರತ್ತು ಹೇಳೋಕೆ ಮೊದಲು, ಅವರಿಗೆ ದಿನಕ್ಕೆ ಹದಿನೈದು ನಿಮಿಷ ಬಿಡುವು ಯಾರು ಕೊಡ್ತಾರೆ ಅಂತ ಹೇಳಿ ಮಾವ" ಅಂದ. ಅದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ, ನನ್ನ ಹತ್ತಿರ ಇತ್ತು. ಈಗ ಬೆಳಗಿನ ಕಸ, ನೀರು ನನ್ನ ಪಾಲು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವಷ್ಟು ಓಡಾಡಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಬಲ ಬರುವ ಕೆಲಸ ಬೇಕು ಅಂತ. ರೈತನಿಗೆ ಓಡಾಟ ಸಿಗುತ್ತದೆ, ಒಂದೇ ರೀತಿ ಬಗ್ಗುವುದರಿಂದ ಬಿಡುಗಡೆ ಸಿಗುವುದಿಲ್ಲ. ಅಂಗಡಿ ಗಾದಿಯ ಮೇಲೆ ಕೂರುವ ಸಾಹುಕಾರರಿಗೆ ಓಡಾಟವೇ ಸಿಗುವುದಿಲ್ಲ. ಇಬ್ಬರೂ ದೊಡ್ಡ ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿದ್ದೇವೆ. ನೋವಿದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲದವರು ನಾಳೆ ಬೆಳಿಗ್ಗೆ ಒಂದು ಕೋಲು ಬೆನ್ನಿಗೆ ಹಿಡಿದು ಬಗ್ಗಿ ನೋಡಿ.

ನಮ್ಮನೆ ಪಡಸಾಲೆಯಲ್ಲಿ ಈಗ ಎರಡು ಚಾಪೆ. ಬಾರುಕೋಲು ಒಂದೇ. ಅವಳು ಬಗ್ಗಿದರೆ ಕೋಲು ಜಾರುವುದಿಲ್ಲ, ನಾನು ಬಗ್ಗಿದರೆ ಒಮ್ಮೊಮ್ಮೆ ಇನ್ನೂ ಜಾರುತ್ತದೆ.